ಹೊರಗಿನ ಸಲಹೆ, ಊರಿನ ಶಾಲೆ

ಮಕ್ಕಳ ಫಲಿತಾಂಶ ಕುಸಿದಾಗಲೆಲ್ಲ ಹೊರಗಿನಿಂದ ತಜ್ಞರನ್ನು ಕರೆಸಬೇಕು, ಮುಖ್ಯಗುರುಗಳಿಗೆ ತರಬೇತಿ ಕೊಡಿಸಬೇಕು ಎಂಬ ಮಾತು ಏಳುತ್ತದೆ. ಇದು ಹೊಸ ಉಪಾಯವೆಂದು ಹಲವರು ಭಾವಿಸಿದ್ದಾರೆ. ಆದರೆ ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳನ್ನೊಳಗೊಂಡ ರಾಯಚೂರು ಸೀಮೆಯ ಮಟ್ಟಿಗೆ ಈ ಉಪಾಯಕ್ಕೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಬಂದ ಸಲಹೆಗಳಲ್ಲಿ ಯಾವುದು ಉಳಿಯಿತು, ಯಾವುದು ಹಾಗೆಯೇ ಹಿಂತಿರುಗಿತು ಎಂಬುದನ್ನು ನೋಡಿದರೆ ಇಂದಿನ ಶಾಲೆಗಳಿಗೂ ಪಾಠವಿದೆ.

1948ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದ ಮೇಲೆ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿ ಸಲಹೆ ನೀಡಲು ಬ್ರಿಟಿಷ್ ಇಂಡಿಯಾದ ಶಿಕ್ಷಣಾಧಿಕಾರಿ ಆರ್ಥರ್ ಮೇಹ್ಯೂ ಅವರನ್ನು ಕರೆಸಲಾಯಿತು. ಇಂದು ನಾವು ಸಲಹೆಗಾರ ಎಂದು ಕರೆಯುವವರ ಕೆಲಸವೇ ಅದು. 1916ರಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ ರಾಸ್ ಮಸೂದ್ ಅವರೂ ಹೊರಗಿನಿಂದ ಬಂದವರೇ. 1922ರಲ್ಲಿ ಅವರು ಜಪಾನಿಗೆ ಹೋಗಿ, ಅಲ್ಲಿನ ಶಾಲೆಗಳನ್ನು ಕಂಡು, ಮರುವರ್ಷ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಜಪಾನ್ ತನ್ನ ಭಾಷೆಯಲ್ಲೇ ಕಲಿತು ಮುಂದೆ ಬಂದಿತು ಎಂಬುದು ಅವರು ಮೆಚ್ಚಿಕೊಂಡ ಸಂಗತಿಗಳಲ್ಲಿ ಮುಖ್ಯವಾದುದು.

ವಿಪರ್ಯಾಸವಿರುವುದು ಇಲ್ಲೇ. ಸ್ವಂತ ಭಾಷೆಯಲ್ಲಿ ಕಲಿಯಬೇಕೆಂಬ ವಾದ ಹೈದರಾಬಾದಿನಲ್ಲಿ ಉರ್ದುವಿನ ರೂಪ ತಾಳಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದುವಾಯಿತು. ಮೇಲಿನ ತರಗತಿಗಳಿಗೆ ಹೋಗಬೇಕೆಂದರೆ ಕೆಳಗಿನಿಂದಲೇ ಉರ್ದು ಬೇಕಾಯಿತು. ಇಂಗ್ಲಿಷಿನ ಹಿಡಿತ ತಪ್ಪಿಸಿದ ದೊಡ್ಡ ಪ್ರಯೋಗವೆಂದು ಅದಕ್ಕೆ ಹೆಸರು ಬಂತು, ಆ ಹೆಸರು ಸುಳ್ಳೂ ಅಲ್ಲ. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುವ ಹಳ್ಳಿಯ ಮಗುವಿಗೆ ಅದೂ ಪರಭಾಷೆಯೇ. ಸಲಹೆ ಎಷ್ಟೇ ಒಳ್ಳೆಯದಿರಲಿ, ಅದು ಯಾರಿಗಾಗಿ ಎಂಬ ಪ್ರಶ್ನೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಅದೇ ಕಾಲದಲ್ಲಿ ರಾಯಚೂರಿಗೆ ಹೊರಗಿನವರೊಬ್ಬರು ಬೇರೆ ಬಗೆಯಲ್ಲಿ ಬಂದರು. ಮಂಗಳೂರು ಮೂಲದ ಪಂಡಿತ ತಾರಾನಾಥರು 1920ರ ಆಸುಪಾಸಿನಲ್ಲಿ ಅಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಅವರು ವರದಿ ಬರೆದು ಹೋಗಲಿಲ್ಲ. ಊರವರ ನಡುವೆ ಇದ್ದು, ಊರವರನ್ನೇ ಸೇರಿಸಿಕೊಂಡು ಸಂಸ್ಥೆ ಬೆಳೆಸಿದರು. ಮುಂದೆ ಅವರು ತುಂಗಭದ್ರಾ ತೀರದಲ್ಲಿ ಪ್ರೇಮಾಯತನ ಆಶ್ರಮ ಸ್ಥಾಪಿಸಿ ಅಲ್ಲಿ ನೆಲೆಸಿದರೂ ಶಾಲೆ ನಿಲ್ಲಲಿಲ್ಲ. ಕಟ್ಟಿದವರು ಹೊರಟಮೇಲೂ ನಡೆಯಿತೆಂಬುದೇ ಆ ಕಟ್ಟಡದ ಗಟ್ಟಿತನ.

ಸ್ವಾತಂತ್ರ್ಯಾನಂತರ, 1956ರಲ್ಲಿ ರಾಯಚೂರು ಕನ್ನಡ ರಾಜ್ಯವನ್ನು ಸೇರಿತು. ಭಾಷೆಯ ತೊಡಕು ಬಗೆಹರಿಯಿತು. ಹಿಂದುಳಿಯುವಿಕೆ ಮಾತ್ರ ಬೇಗ ಕರಗಲಿಲ್ಲ. 1994ರಲ್ಲಿ ದೇಶದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಆರಂಭವಾದಾಗ ಕರ್ನಾಟಕದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಕೋಲಾರ, ಮಂಡ್ಯಗಳ ಜೊತೆ ರಾಯಚೂರೂ ಇತ್ತು. ಮಹಿಳಾ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳಿಗೆ ಆದ್ಯತೆ. ಹಣದ ಬಹುಪಾಲು ವಿಶ್ವಬ್ಯಾಂಕಿನ ಸಾಲ. ಕೊಠಡಿಗಳೆದ್ದವು, ತರಬೇತಿಗಳು ನಡೆದವು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಹುಟ್ಟಿದವು. ತಪಾಸಣೆಗೆ ಬರುವ ಸಾಹೇಬರ ಬದಲು ಪಾಠ ಕಲಿಸಿ ಬಲ್ಲ ಶಿಕ್ಷಕರೇ ಸುತ್ತಲ ಶಾಲೆಗಳಿಗೆ ಹೋಗಿ ಜೊತೆಯಲ್ಲಿ ಕೂತು ನೆರವಾಗಲಿ ಎಂಬುದು ಉದ್ದೇಶ. ಆದರೆ ಕಾಲಕ್ರಮದಲ್ಲಿ ಅವರ ಹೆಗಲಿಗೂ ಅಂಕಿಅಂಶ ಸಂಗ್ರಹದ ಹೊರೆ ಬಿತ್ತು. ನೆರವಿಗೆ ಬಂದವರೂ ನಮೂನೆ ತುಂಬಿಸಿಕೊಳ್ಳುವವರಾದರು.

ಹೊರಗಿನ ವಿಧಾನ ಒಳಗಿನದಾಗುವುದೂ ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕಲಿಕಾ ಕಾರ್ಡುಗಳನ್ನು ಕಂಡುಬಂದರು. ಅವನ್ನು ಹಾಗೆಯೇ ತಂದು ಹಂಚಲಿಲ್ಲ. ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕೂತು ಹೊಸದಾಗಿ ರಚಿಸಿದರು. ಅದೇ 'ನಲಿ-ಕಲಿ'. 2009ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ತಾವೇ ರಚಿಸಿದವರಿಗೆ ಅದು ಸ್ವಂತದ್ದು. ಆದೇಶದ ಮೂಲಕ ಬಂದ ಕಡೆ ಎಷ್ಟೋ ಸಲ ಅದು ಕಾರ್ಡುಗಳ ಕಟ್ಟಷ್ಟೆ.

ರಾಯಚೂರಿಗೆ ಮತ್ತೊಂದು ಪ್ರಯೋಗ 2002ರಲ್ಲಿ ಬಂತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ರಾಜ್ಯ ಸರ್ಕಾರದ ಜೊತೆಗೂಡಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 'ಕಲಿಕಾ ಖಾತ್ರಿ' ಕಾರ್ಯಕ್ರಮ ಆರಂಭಿಸಿತು. ಯಾವ ಶಾಲೆಗೂ ಬಲವಂತವಿಲ್ಲ. ಒಪ್ಪಿದ ಶಾಲೆ ತಾನೇ ಮುಂದೆ ಬರಬೇಕು. ಹೊರಗಿನ ಮೌಲ್ಯಮಾಪಕರು ಬಂದು ದಾಖಲಾತಿ, ಹಾಜರಾತಿಗಳ ಜೊತೆಗೆ ಮಕ್ಕಳು ನಿಜವಾಗಿ ಓದಬಲ್ಲರೇ, ಲೆಕ್ಕ ಮಾಡಬಲ್ಲರೇ ಎಂದು ಪರೀಕ್ಷಿಸುತ್ತಿದ್ದರು. ಗೆದ್ದ ಶಾಲೆಗೆ ಬಹುಮಾನ. ಮೊದಲ ವರ್ಷ ಪರಿಶೀಲಿಸಿದ ಸುಮಾರು 900 ಶಾಲೆಗಳಲ್ಲಿ ಗುರಿ ಮುಟ್ಟಿದ್ದು ಕೇವಲ 40.

ಆ ಸಂಖ್ಯೆ ನಾಚಿಕೆಯದೆಂದು ಕಂಡೀತು. ಆದರೆ ಹೆಚ್ಚಿನ ಶಾಲೆಗಳು ಸೋಲುವ ಸಾಧ್ಯತೆಯನ್ನು ತಿಳಿದೇ ಕೈಯೆತ್ತಿದ್ದವು ಎಂಬುದನ್ನು ಮರೆಯಬಾರದು. ಕೈಯೆತ್ತಿದ ಕ್ಷಣದಿಂದ ಮುಖ್ಯಗುರುವಿನ ಕೆಲಸದ ಸ್ವರೂಪ ಬದಲಾಗುತ್ತದೆ. ಸಂಬಳದ ಬಿಲ್ಲು, ಕಟ್ಟಡದ ಲೆಕ್ಕ, 2002ರಲ್ಲೇ ಈ ಭಾಗದಲ್ಲಿ ಆರಂಭವಾದ ಅಕ್ಷರ ದಾಸೋಹದ ಅಕ್ಕಿ-ಬೇಳೆಯ ಲೆಕ್ಕ ಇವುಗಳ ನಡುವೆಯೂ ನಾಲ್ಕನೇ ತರಗತಿಯಲ್ಲಿ ಓದಲು ಬಾರದವರು ಯಾರು, ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ ಶಾಲೆ ಬಿಟ್ಟವರು ಯಾರು ಎಂಬುದನ್ನು ಹೆಸರುಹಿಡಿದು ತಿಳಿದಿರಬೇಕಾಗುತ್ತದೆ. ಶಾಲಾ ನಾಯಕತ್ವ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ.

2005ರ ಬಳಿಕ ರಾಜ್ಯ ಸರ್ಕಾರ ತನ್ನದೇ ವ್ಯವಸ್ಥೆ ರೂಪಿಸಿ, ಇಡೀ ರಾಜ್ಯದಲ್ಲಿ ಇಂಥ ಮೌಲ್ಯಮಾಪನ ನಡೆಸಿತು. ವ್ಯಾಪ್ತಿ ಹಿಗ್ಗಿತು. ಆದರೆ ಒಪ್ಪಿಗೆಯಿಂದ ನಡೆದದ್ದು ಕಡ್ಡಾಯವಾದಾಗ ಪರೀಕ್ಷೆ ಉಳಿಯುತ್ತದೆ, ಕೈಯೆತ್ತುವ ಧೈರ್ಯ ಉಳಿಯುವುದಿಲ್ಲ.

ಹಾಗಾದರೆ ಹೊರಗಿನವರು ಬೇಡವೇ? ಬೇಕು. ಒಳಗಿನವರಿಗೆ ರೂಢಿಯಾಗಿ ಕಣ್ಣಿಗೆ ಬೀಳದ ಕೊರತೆ ಹೊರಗಿನವರಿಗೆ ಕಾಣುತ್ತದೆ. ಆದರೆ ಸಲಹೆಗಾರರು ಹೊರಟುಹೋಗುತ್ತಾರೆ, ಮುಖ್ಯಗುರುವಿಗೂ ವರ್ಗವಾಗುತ್ತದೆ. ಖಾಲಿ ಹುದ್ದೆ ತುಂಬದೆ, ಇರುವ ಒಬ್ಬಿಬ್ಬರ ಮೇಲೆ ಎಲ್ಲ ತರಗತಿಗಳನ್ನು ಹೊರಿಸಿದಲ್ಲಿ ಯಾವ ತರಬೇತಿಯೂ ಫಲಿಸದು. ಉಳಿಯುವವರು ಊರಿನ ಪೋಷಕರು. 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಅವರಿಗೆ ಸ್ಥಾನವಿದೆ. ತಮ್ಮ ಮಗು ಓದಬಲ್ಲದೇ ಎಂದು ಅವರು ಕೇಳುವ, ಮುಖ್ಯಗುರು ಅಳುಕಿಲ್ಲದೆ ಉತ್ತರಿಸುವ ರೂಢಿ ಬೆಳೆದ ಶಾಲೆಯಲ್ಲಿ ಮಾತ್ರ ಹೊರಗಿನ ಸಲಹೆ ಬೇರುಬಿಡುತ್ತದೆ.