ಸೌಂಡ್ ಕಾರ್ಡ್ ಆಯ್ಕೆ (ಧ್ವನಿಮುದ್ರಣ)

ಸೌಂಡ್ ಕಾರ್ಡ್ ಎಂಬುದು ಮೈಕ್ ಅಥವಾ ವಾದ್ಯದಿಂದ ಬರುವ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸಿ ಗಣಕಯಂತ್ರಕ್ಕೆ ಒದಗಿಸುವ, ಹಾಗೂ ಗಣಕಯಂತ್ರದಲ್ಲಿರುವ ಅಂಕಿಗಳನ್ನು ಮರಳಿ ವಿದ್ಯುತ್ ಸಂಕೇತವಾಗಿಸಿ ಸ್ಪೀಕರ್ ಅಥವಾ ಹೆಡ್‌ಫೋನಿಗೆ ಕಳುಹಿಸುವ ಸಾಧನ. ಧ್ವನಿಮುದ್ರಣಕ್ಕೆಂದೇ ತಯಾರಾದ, ಗಣಕಯಂತ್ರದ ಹೊರಗೆ ಪ್ರತ್ಯೇಕ ಪೆಟ್ಟಿಗೆಯಂತಿರುವ ಸೌಂಡ್ ಕಾರ್ಡನ್ನು ಆಡಿಯೋ ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಸಂಗೀತ, ಬಾನುಲಿ ಕಾರ್ಯಕ್ರಮ, ಪಾಠದ ಧ್ವನಿಮುದ್ರಣ ಹಾಗೂ ಜಾನಪದ ಸಂಗ್ರಹ ಕಾರ್ಯಗಳಲ್ಲಿ ಇದರ ಆಯ್ಕೆ ಮುಖ್ಯವಾದುದು. ಮುದ್ರಣದ ಸಮಯದಲ್ಲಿ ಸೇರಿದ ಗುಂಯ್‌ಗುಡುವಿಕೆ, ಒಡಕು ಅಥವಾ ನಡುವೆ ತುಂಡಾದ ಭಾಗವನ್ನು ಆನಂತರ ಸಂಪೂರ್ಣವಾಗಿ ಸರಿಪಡಿಸುವುದು ಸಾಧ್ಯವಿಲ್ಲದಿರುವುದೇ ಇದಕ್ಕೆ ಕಾರಣ.

ಇತಿಹಾಸ

ಆರಂಭದ ವೈಯಕ್ತಿಕ ಗಣಕಯಂತ್ರಗಳು ಸಣ್ಣ ಸ್ಪೀಕರಿನ ಮೂಲಕ 'ಬೀಪ್' ಸದ್ದನ್ನಷ್ಟೇ ಹೊರಡಿಸಬಲ್ಲವಾಗಿದ್ದವು. 1987ರಲ್ಲಿ ಕೆನಡಾದ ಆಡ್‌ಲಿಬ್ ಸಂಸ್ಥೆಯು ಸಂಗೀತದ ಸ್ವರಗಳನ್ನು ಉತ್ಪಾದಿಸುವ ಕಾರ್ಡನ್ನು ಮಾರುಕಟ್ಟೆಗೆ ತಂದಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಬಂದಿತು. ಇದು 8 ಬಿಟ್ ಸಾಮರ್ಥ್ಯದಲ್ಲಿ ಧ್ವನಿಯನ್ನು ಮುದ್ರಿಸಿಕೊಳ್ಳುವ ಸೌಲಭ್ಯವನ್ನೂ ಹೊಂದಿತ್ತು. 1992ರ ಸೌಂಡ್ ಬ್ಲಾಸ್ಟರ್ 16 ಕಾರ್ಡಿನೊಂದಿಗೆ ಸಿ.ಡಿ.ಯ ಮಟ್ಟದ 16 ಬಿಟ್ ಸ್ಟೀರಿಯೋ ಧ್ವನಿ ಮನೆಯ ಗಣಕಯಂತ್ರಕ್ಕೂ ದೊರೆಯಿತು. 1997ರಲ್ಲಿ ಇಂಟೆಲ್ ಸಂಸ್ಥೆ ಪ್ರಕಟಿಸಿದ ಎಸಿ'97 ಮಾನದಂಡದ ನಂತರ ಧ್ವನಿಯ ಚಿಪ್ಪನ್ನು ಮದರ್‌ಬೋರ್ಡಿನಲ್ಲೇ ಅಳವಡಿಸುವ ಪದ್ಧತಿ ವ್ಯಾಪಕವಾಯಿತು. ಇದರಿಂದ ಸಾಮಾನ್ಯ ಬಳಕೆದಾರರಿಗೆ ಪ್ರತ್ಯೇಕ ಕಾರ್ಡಿನ ಅಗತ್ಯ ಕಡಿಮೆಯಾಗಿ, ಪ್ರತ್ಯೇಕ ಸಾಧನಗಳು ಮುಖ್ಯವಾಗಿ ಧ್ವನಿಮುದ್ರಣ ಮಾಡುವವರ ಉಪಕರಣಗಳಾಗಿ ಉಳಿದವು.

ಅದೇ 1997ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು ಎಎಸ್‌ಐಒ ಎಂಬ ಡ್ರೈವರ್ ವ್ಯವಸ್ಥೆಯನ್ನು ರೂಪಿಸಿತು. ಮುದ್ರಣ ತಂತ್ರಾಂಶವು ವಿಂಡೋಸಿನ ಸಾಮಾನ್ಯ ಧ್ವನಿ ವ್ಯವಸ್ಥೆಯನ್ನು ಬಳಸದೆ ನೇರವಾಗಿ ಕಾರ್ಡಿನೊಡನೆ ವ್ಯವಹರಿಸಲು ಇದು ಅವಕಾಶ ಕಲ್ಪಿಸಿತು.

ಕಾರ್ಯವಿಧಾನ

ಮೈಕಿನಿಂದ ಬರುವ ಸಂಕೇತ ಬಹಳ ದುರ್ಬಲವಾದುದು. ಕಾರ್ಡಿನ ಪ್ರೀ-ಆಂಪ್ಲಿಫೈಯರ್ ಅದನ್ನು ಮೊದಲು ಬಲಪಡಿಸುತ್ತದೆ. ಅನಂತರ ಪರಿವರ್ತಕವು ಆ ಸಂಕೇತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ದಾಖಲಿಸುತ್ತದೆ. ಹೀಗೆ ಅಳೆಯುವ ವೇಗಕ್ಕೆ ಸ್ಯಾಂಪ್ಲಿಂಗ್ ದರವೆಂದೂ, ಪ್ರತಿ ಅಳತೆಯ ಸೂಕ್ಷ್ಮತೆಗೆ ಬಿಟ್ ಡೆಪ್ತ್ ಎಂದೂ ಹೆಸರು.

ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಒಂದು ಧ್ವನಿಯನ್ನು ಸರಿಯಾಗಿ ಮರುಸೃಷ್ಟಿಸಲು ಅದರ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ವೇಗದಲ್ಲಿ ಅಳೆಯಬೇಕು. ಸಿ.ಡಿ.ಗೆ 44,100 ಹಾಗೂ ವಿಡಿಯೋಗೆ 48,000 ಹರ್ಟ್ಸ್ ದರಗಳು ನಿಗದಿಯಾಗಿರುವುದು ಈ ತತ್ವಕ್ಕೆ ಅನುಗುಣವಾಗಿದೆ. 16 ಬಿಟ್ ಮುದ್ರಣದಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಧ್ವನಿಗಳ ನಡುವೆ ಸೈದ್ಧಾಂತಿಕವಾಗಿ ಸುಮಾರು 96 ಡೆಸಿಬೆಲ್ ಅಂತರ ಸಾಧ್ಯ. 24 ಬಿಟ್ ಮುದ್ರಣದಲ್ಲಿ ಇದು ಸುಮಾರು 144 ಡೆಸಿಬೆಲ್.

ವಿಧಗಳು

* ಮದರ್‌ಬೋರ್ಡಿನಲ್ಲಿರುವ ಚಿಪ್: ಹಾಡು ಕೇಳಲು, ಕರೆ ಮಾಡಲು ಸಾಕಾಗುತ್ತದೆ. ಸ್ಟುಡಿಯೋ ಮೈಕಿಗೆ ಬೇಕಾದ ಸಂಪರ್ಕ ಇದರಲ್ಲಿರುವುದಿಲ್ಲ. ಫ್ಯಾನ್, ಡಿಸ್ಕ್ ಮುಂತಾದ ಭಾಗಗಳ ವಿದ್ಯುತ್ ಗದ್ದಲ ಧ್ವನಿಯೊಳಗೆ ಸೇರುವ ಸಾಧ್ಯತೆಯೂ ಇದೆ.
* ಒಳಗೆ ಜೋಡಿಸುವ ಕಾರ್ಡ್: ಮೇಜಿನ ಮೇಲಿನ ಗಣಕಯಂತ್ರದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುತ್ತದೆ. ಲ್ಯಾಪ್‌ಟಾಪಿಗೆ ಬರುವುದಿಲ್ಲ.
* ಯುಎಸ್‌ಬಿ ಆಡಿಯೋ ಇಂಟರ್‌ಫೇಸ್: ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ವಿಧ. ಫೋಕಸ್‌ರೈಟ್, ಬೆಹ್ರಿಂಗರ್, ಮೋಟು, ಆರ್‌ಎಂಇ ಮುಂತಾದ ಸಂಸ್ಥೆಗಳು ಇವನ್ನು ತಯಾರಿಸುತ್ತವೆ.
* ಯುಎಸ್‌ಬಿ ಮೈಕ್: ಮೈಕ್ ಮತ್ತು ಪರಿವರ್ತಕ ಎರಡೂ ಒಂದರಲ್ಲೇ ಇರುತ್ತವೆ. ಒಬ್ಬರ ಮಾತಿಗೆ ಅನುಕೂಲಕರ. ಮೇಳದ ಮುದ್ರಣಕ್ಕೆ ಸೂಕ್ತವಲ್ಲ.

ಆಯ್ಕೆಯ ಮಾನದಂಡಗಳು

ಜಾಹೀರಾತುಗಳಲ್ಲಿ 192 ಕಿಲೋಹರ್ಟ್ಸ್‌ನಂಥ ದೊಡ್ಡ ಅಂಕಿಗಳು ಎದ್ದು ಕಾಣುತ್ತವೆ. ಆದರೆ ಕಾರ್ಡಿನ ವಿಶ್ವಾಸಾರ್ಹತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಡ್ರೈವರ್, ಪ್ರೀ-ಆಂಪ್ಲಿಫೈಯರ್ ಹಾಗೂ ವಿದ್ಯುತ್ ಪೂರೈಕೆಯ ಗುಣಮಟ್ಟ.

ಡ್ರೈವರ್ ಮತ್ತು ಬಾಳಿಕೆ

ಯಂತ್ರ ಸುಸ್ಥಿತಿಯಲ್ಲಿದ್ದರೂ ಹೊಸ ಕಾರ್ಯಾಚರಣ ವ್ಯವಸ್ಥೆಗೆ ಡ್ರೈವರ್ ದೊರೆಯದಿದ್ದರೆ ಕಾರ್ಡ್ ನಿರುಪಯುಕ್ತವಾಗುತ್ತದೆ. ಸಂಪರ್ಕದ ವಿಧವೇ ಬಳಕೆಯಿಂದ ಮರೆಯಾಗುವುದೂ ಉಂಟು. ಐಎಸ್‌ಎ ಸ್ಲಾಟಿನ ಕಾರ್ಡುಗಳು ಮತ್ತು ಫೈರ್‌ವೈರ್ ಇಂಟರ್‌ಫೇಸುಗಳು ಹೀಗೆ ಮೂಲೆ ಸೇರಿವೆ. ಈ ಅಪಾಯವನ್ನು ತಗ್ಗಿಸುವುದು 'ಕ್ಲಾಸ್ ಕಂಪ್ಲಯಂಟ್' ಸಾಧನ, ಅಂದರೆ ಯುಎಸ್‌ಬಿ ಧ್ವನಿ ಮಾನದಂಡವನ್ನು ಪಾಲಿಸುವ ಸಾಧನ. ಇದಕ್ಕೆ ತಯಾರಕರ ಪ್ರತ್ಯೇಕ ಡ್ರೈವರ್ ಅನಿವಾರ್ಯವಲ್ಲ. ಈ ಮಾನದಂಡದ ಎರಡನೆಯ ಆವೃತ್ತಿ 2006ರಲ್ಲಿ ಪ್ರಕಟವಾಯಿತು. ವಿಂಡೋಸ್ 10 ಅದಕ್ಕೆ 2017ರಲ್ಲಿ ತನ್ನದೇ ಡ್ರೈವರ್ ಒದಗಿಸಿತು. ಲಿನಕ್ಸಿನಲ್ಲಿ ಅಲ್ಸಾ, ಮ್ಯಾಕ್‌ನಲ್ಲಿ ಕೋರ್ ಆಡಿಯೋ ವ್ಯವಸ್ಥೆಗಳು ಇಂಥ ಸಾಧನಗಳನ್ನು ಗುರುತಿಸುತ್ತವೆ.

ಪ್ರೀ-ಆಂಪ್ಲಿಫೈಯರ್

ಡೈನಮಿಕ್ ಮೈಕಿನಲ್ಲಿ ಮೆಲುದನಿಯನ್ನು ಮುದ್ರಿಸಲು 50ರಿಂದ 60 ಡೆಸಿಬೆಲ್‌ಗಳಷ್ಟು ಬಲವರ್ಧನೆ ಬೇಕಾಗಬಹುದು. ಅಷ್ಟು ಏರಿಸಿದಾಗ ಅಗ್ಗದ ಕಾರ್ಡುಗಳಲ್ಲಿ 'ಹಿಸ್ಸ್' ಎಂಬ ಸದ್ದು ಮೇಲೇಳುತ್ತದೆ. ಪ್ರೀ-ಆಂಪ್ಲಿಫೈಯರಿನ ಸ್ವಂತ ಗದ್ದಲವನ್ನು ವಿವರಪಟ್ಟಿಯಲ್ಲಿ ಋಣಸಂಖ್ಯೆಯಾಗಿ ಸೂಚಿಸುತ್ತಾರೆ. -128 ಡಿಬಿಯು ಆಸುಪಾಸಿನ ಅಂಕಿ ಉತ್ತಮವಾದುದು. ಕಂಡೆನ್ಸರ್ ಮೈಕ್ ಬಳಸುವುದಾದರೆ 48 ವೋಲ್ಟಿನ ಫ್ಯಾಂಟಮ್ ಪವರ್ ಇರಬೇಕು.

ಇನ್‌ಪುಟ್‌ಗಳ ಸಂಖ್ಯೆ

ಒಟ್ಟಿಗೆ ಎಷ್ಟು ಮೈಕುಗಳನ್ನು ಬೇರೆ ಬೇರೆಯಾಗಿ ಮುದ್ರಿಸಬೇಕೋ ಅಷ್ಟು ಮೈಕ್ ಇನ್‌ಪುಟ್‌ಗಳು ಒಂದೇ ಕಾರ್ಡಿನಲ್ಲಿ ಇರುವುದು ಒಳಿತು. ಎರಡು ಕಾರ್ಡುಗಳನ್ನು ಅಥವಾ ಎರಡು ಯುಎಸ್‌ಬಿ ಮೈಕುಗಳನ್ನು ಜೊತೆಯಾಗಿ ಬಳಸಿದರೆ ಅವುಗಳ ಒಳಗಡಿಯಾರಗಳು ತುಸು ಬೇರೆ ವೇಗದಲ್ಲಿ ನಡೆಯುತ್ತವೆ. ವ್ಯತ್ಯಾಸ ಹತ್ತು ಲಕ್ಷಕ್ಕೆ 50 ಭಾಗದಷ್ಟಿದ್ದರೂ ಒಂದು ಗಂಟೆಯ ಕೊನೆಗೆ ಎರಡು ಮುದ್ರಣಗಳ ನಡುವೆ 0.18 ಸೆಕೆಂಡ್ ಅಂತರ ಉಂಟಾಗಿ, ತಾಳ ಮತ್ತು ಹಾಡು ಒಂದಕ್ಕೊಂದು ಕೂಡುವುದಿಲ್ಲ.

ವಿಳಂಬ

ಗಣಕಯಂತ್ರವು ಅಂಕಿಗಳನ್ನು ಬಫರ್ ಎಂಬ ಗುಂಪುಗಳಲ್ಲಿ ಸ್ವೀಕರಿಸುವುದರಿಂದ, ಹಾಡಿದ ದನಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. 48,000 ಹರ್ಟ್ಸ್ ದರದಲ್ಲಿ 256 ಅಳತೆಗಳ ಬಫರಿಗೆ ಸುಮಾರು 5.3 ಮಿಲಿಸೆಕೆಂಡ್, 1024ಕ್ಕೆ ಸುಮಾರು 21.3 ಮಿಲಿಸೆಕೆಂಡ್ ಹಿಡಿಯುತ್ತದೆ. ಬಫರ್ ತೀರಾ ಚಿಕ್ಕದಾದರೆ ಗಣಕಯಂತ್ರ ಹಿಂದೆ ಬಿದ್ದು ಮುದ್ರಣದಲ್ಲಿ 'ಟಕ್' ಎನ್ನುವ ಸದ್ದುಗಳು ಸೇರಿಕೊಳ್ಳುತ್ತವೆ. ಮೈಕಿನ ಧ್ವನಿಯನ್ನು ಗಣಕಯಂತ್ರಕ್ಕೆ ಹೋಗಿಬರದೆ ನೇರವಾಗಿ ಹೆಡ್‌ಫೋನಿನಲ್ಲಿ ಕೇಳಿಸುವ ಸೌಲಭ್ಯವಿದ್ದರೆ ಬಫರನ್ನು ದೊಡ್ಡದಾಗಿಟ್ಟು ನಿಶ್ಚಿಂತೆಯಿಂದ ಮುದ್ರಿಸಬಹುದು.

ಸ್ಯಾಂಪ್ಲಿಂಗ್ ದರ ಮತ್ತು ಬಿಟ್ ಡೆಪ್ತ್

ಧ್ವನಿ ದಾಖಲೆಗಳನ್ನು ಸಂರಕ್ಷಿಸುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಎಸ್‌ಎ, ಹಳೆಯ ಮುದ್ರಣಗಳನ್ನು ಅಂಕೀಕರಿಸುವಾಗ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಮಟ್ಟವನ್ನು ಶಿಫಾರಸು ಮಾಡುತ್ತದೆ. ಈ ಮಟ್ಟದ ಸ್ಟೀರಿಯೋ ಮುದ್ರಣ ಗಂಟೆಗೆ ಸುಮಾರು 1 ಗಿಗಾಬೈಟ್ ಸ್ಥಳ ಬೇಡುತ್ತದೆ. ಇಂದಿನ ಸಾಧಾರಣ ಬೆಲೆಯ ಇಂಟರ್‌ಫೇಸುಗಳೂ ಈ ಮಟ್ಟವನ್ನು ಮುಟ್ಟುವುದರಿಂದ, ಕೇವಲ ಇದಕ್ಕಿಂತ ದೊಡ್ಡ ಅಂಕಿಗಾಗಿ ಹೆಚ್ಚು ಹಣ ತೆರುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಜಾನಪದ ಧ್ವನಿಮುದ್ರಣದಲ್ಲಿ

ಸೌಂಡ್ ಕಾರ್ಡಿನ ಗುಣದೋಷಗಳು ಸ್ಪಷ್ಟವಾಗಿ ತೋರುವುದು ಸ್ಟುಡಿಯೋದ ಹೊರಗೆ, ಹಳ್ಳಿಯ ಕಟ್ಟೆ, ಗುಡಿ ಮತ್ತು ಪಡಸಾಲೆಗಳಲ್ಲಿ ನಡೆಯುವ ಮುದ್ರಣದಲ್ಲಿ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ವಿಜಯಪುರ ಜಿಲ್ಲೆ ಇದಕ್ಕೆ ಉತ್ತಮ ನಿದರ್ಶನ. ಅಗರಖೇಡ ಗ್ರಾಮವಿರುವ ಇಂಡಿ ತಾಲೂಕು, ನೆರೆಯ ಸಿಂದಗಿ, ದಕ್ಷಿಣದ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳನ್ನೊಳಗೊಂಡ ಈ ಸೀಮೆಯಲ್ಲಿ ಬೀಸುವ ಪದ, ಗೀಗೀ ಪದ, ಡೊಳ್ಳಿನ ಪದ, ತತ್ವಪದ ಮತ್ತು ಭಜನೆಗಳ ಪರಂಪರೆಯಿದೆ. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಜನರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳ ಸಂಕಲನ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಲೇಖನಿಯಿಂದ ಪದ ಉಳಿಯಿತು. ಹಾಡಿದವರ ಕಂಠ ಮತ್ತು ಧಾಟಿಗಳನ್ನು ಹಿಡಿದಿಡುವ ಸಾಧನ ಹಳ್ಳಿಗರ ಕೈಗೆ ಆಗ ಎಟುಕುವಂತಿರಲಿಲ್ಲ. ಧಾರವಾಡ ಆಕಾಶವಾಣಿ ಕೇಂದ್ರ ಪ್ರಸಾರ ಆರಂಭಿಸಿದ್ದು 1950ರಲ್ಲಿ. ಇಂದು ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಮತ್ತು ಒಂದು ಇಂಟರ್‌ಫೇಸ್ ಇದ್ದರೆ ಈ ಕೆಲಸ ಊರಿನಲ್ಲೇ ಸಾಧ್ಯ. ಆಡಾಸಿಟಿ, ಆರ್ಡರ್ ಮುಂತಾದ ಮುಕ್ತ ತಂತ್ರಾಂಶಗಳೂ ಲಭ್ಯವಿವೆ.

ಈ ಹಾಡುಗಳು ಕಾರ್ಡಿನ ಎರಡು ತುದಿಗಳನ್ನೂ ಪರೀಕ್ಷಿಸುತ್ತವೆ. ವಯಸ್ಸಾದ ಹೆಣ್ಣುಮಗಳು ಮೆಲುದನಿಯಲ್ಲಿ ಹೇಳುವ ಬೀಸುವ ಪದಕ್ಕೆ ಗದ್ದಲವಿಲ್ಲದ ಬಲವರ್ಧನೆ ಬೇಕು. ಡೊಳ್ಳಿನ ಪೆಟ್ಟಿಗೆ ಅದರ ವಿರುದ್ಧವಾಗಿ, ಏಕಾಏಕಿ ಏರುವ ಸಂಕೇತವನ್ನು ಒಡಕಿಲ್ಲದೆ ತಾಳಿಕೊಳ್ಳುವ ಗುಣ ಬೇಕು. ಗೀಗೀ ಮೇಳದಲ್ಲಿ ದಪ್ಪಿನ ಬಡಿತದ ಜೊತೆಗೆ ತುಂತುಣಿಯ ತೆಳುವಾದ ನಾದವೂ ಇರುತ್ತದೆ. 24 ಬಿಟ್ ಮುದ್ರಣದಲ್ಲಿ ಅತ್ಯಂತ ಜೋರಾದ ಪೆಟ್ಟು ಗರಿಷ್ಠ ಮಟ್ಟಕ್ಕಿಂತ ಸುಮಾರು 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹೊಂದಿಸಿದರೂ ಮೆಲ್ಲನೆಯ ನಾದ ಕೆಡುವುದಿಲ್ಲ. ಆದರೆ ಒಮ್ಮೆ ಗರಿಷ್ಠ ಮಟ್ಟ ಮೀರಿ ಒಡೆದ ಧ್ವನಿ ಮೊದಲಿನಂತಾಗುವುದಿಲ್ಲ.

ವಿದ್ಯುತ್ತಿನ ಸಮಸ್ಯೆ ಇನ್ನೊಂದು. ಭೂಸಂಪರ್ಕ ಸರಿಯಿಲ್ಲದ ಕಡೆ ಚಾರ್ಜರ್ ಮೂಲಕ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಧ್ವನಿಗೆ ಸೇರಬಹುದು; ನಡುವೆ ವಿದ್ಯುತ್ ಹೋದರೆ ಪ್ರತ್ಯೇಕ ಅಡಾಪ್ಟರ್ ಬೇಡುವ ಕಾರ್ಡ್ ನಿಂತುಬಿಡುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸನ್ನು ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪಿಗೆ ಜೋಡಿಸಿದರೆ ಎರಡೂ ತೊಂದರೆಗಳು ಬಹುಮಟ್ಟಿಗೆ ನೀಗುತ್ತವೆ. ಮೈಕಿನ ತಂತಿ ಉದ್ದವಾಗಿದ್ದರೆ ಎಕ್ಸ್‌ಎಲ್‌ಆರ್ ಸಂಪರ್ಕದ ಬ್ಯಾಲೆನ್ಸ್ಡ್ ತಂತಿ ಹೊರಗಿನ ಗದ್ದಲವನ್ನು ತಗ್ಗಿಸುತ್ತದೆ.

ಬಳಕೆಗೆ ಮುನ್ನ ಪರೀಕ್ಷೆ

ವಿವರಪಟ್ಟಿಯ ಅಂಕಿಗಳಿಗಿಂತ ಪ್ರತ್ಯಕ್ಷ ಪರೀಕ್ಷೆ ಹೆಚ್ಚು ನಂಬಲರ್ಹ. ಹೊಸ ಕಾರ್ಡನ್ನು ಹಿಂದಿರುಗಿಸಲು ಅವಕಾಶವಿರುವ ಅವಧಿಯಲ್ಲೇ ಈ ಪರೀಕ್ಷೆಗಳನ್ನು ಮುಗಿಸುವುದು ಸೂಕ್ತ.

* ಕೆಲಸಕ್ಕೆ ಬಳಸುವ ಗಣಕಯಂತ್ರದಲ್ಲೇ ಒಂದು ಗಂಟೆ ಎಡೆಬಿಡದೆ ಮುದ್ರಿಸಿ, ತುಂಡಾದ ಭಾಗಗಳಿವೆಯೇ ಎಂದು ಆಲಿಸುವುದು.
* ನಿಶ್ಶಬ್ದ ಕೋಣೆಯಲ್ಲಿ ಬಲವರ್ಧನೆಯನ್ನು ಏರಿಸಿ, ಕಾರ್ಡಿನ ಸ್ವಂತ ಗದ್ದಲವನ್ನು ಹೆಡ್‌ಫೋನಿನಲ್ಲಿ ಗಮನಿಸುವುದು.
* ಚಾರ್ಜರ್ ಜೋಡಿಸಿ ಒಮ್ಮೆ, ತೆಗೆದು ಒಮ್ಮೆ ಮುದ್ರಿಸಿ ಹೋಲಿಸುವುದು.
* ಯುಎಸ್‌ಬಿ ತಂತಿಯನ್ನು ಮೆಲ್ಲನೆ ಅಲುಗಾಡಿಸಿ ಸಂಪರ್ಕ ಕಡಿಯುತ್ತದೆಯೇ ಎಂದು ನೋಡುವುದು.

ಇಷ್ಟರಲ್ಲಿ ತೇರ್ಗಡೆಯಾದ ಸಾಧಾರಣ ಎರಡು ಇನ್‌ಪುಟ್‌ಗಳ ಕಾರ್ಡ್, ಇವುಗಳಲ್ಲಿ ಎಡವುವ ದುಬಾರಿ ಕಾರ್ಡಿಗಿಂತ ಹೆಚ್ಚು ಪ್ರಯೋಜನಕಾರಿ. ಮುದ್ರಣ ಮುಗಿದ ದಿನವೇ ಕಡತಗಳನ್ನು ಕನಿಷ್ಠ ಎರಡು ಪ್ರತ್ಯೇಕ ಡಿಸ್ಕುಗಳಿಗೆ, ಸಂಕುಚಿತಗೊಳಿಸದ ವೇವ್ ರೂಪದಲ್ಲಿ, ಹಾಡುಗಾರರ ಹೆಸರು, ಊರು ಮತ್ತು ದಿನಾಂಕಗಳೊಡನೆ ನಕಲು ಮಾಡಿಡುವುದು ಸಂಗ್ರಹ ಕಾರ್ಯದ ಭಾಗವೇ ಆಗಿದೆ.