ರಾಕ್‌ಸ್ಟೆಡಿ ನಿಧಾನವಾದದ್ದು ಏಕೆ? ಲಿನ್ ಟೇಟ್ ಗಿಟಾರಿನ ಸಾಕ್ಷ್ಯ

ಜಮೈಕಾದ ಸ್ಕಾ ಸಂಗೀತ ವೇಗ ಕಳೆದುಕೊಂಡು ರಾಕ್‌ಸ್ಟೆಡಿಯಾಗಲು 1966ರ ಬಿರುಬೇಸಿಗೆಯೇ ಕಾರಣವೆಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಸೆಕೆಗೆ ಕುಣಿಯುವವರು ಬಳಲಿದರು, ವಾದಕರು ಲಯ ತಗ್ಗಿಸಿದರು ಎಂಬುದು ಅದರ ಸಾರ. ಗಿಟಾರ್ ವಾದಕ ಲಿನ್ ಟೇಟ್ ಅವರ ಹಳೆಯ ಧ್ವನಿಮುದ್ರಣಗಳನ್ನು ಟ್ರೋಜನ್ ಸಂಸ್ಥೆ 2005ರಲ್ಲಿ ‘ಹೋಲ್ಡ್ ಮಿ ಟೈಟ್’ ಸಂಕಲನವಾಗಿ ಮತ್ತೆ ಹೊರತಂದಿತು. ಅದನ್ನು ಕಿವಿಗೊಟ್ಟು ಕೇಳಿದವರಿಗೆ ಈ ವಿವರಣೆ ಸಾಲದು.

ಹಿನ್ನೆಲೆಯ ಬಗ್ಗೆ ತಕರಾರಿಲ್ಲ. ಟ್ರಿನಿಡಾಡಿನ ಸ್ಯಾನ್ ಫರ್ನಾಂಡೊದಲ್ಲಿ ಹುಟ್ಟಿದ ಟೇಟ್, 1962ರಲ್ಲಿ ಜಮೈಕಾದ ಸ್ವಾತಂತ್ರ್ಯೋತ್ಸವಕ್ಕೆ ನುಡಿಸಲು ಬಂದು ಅಲ್ಲೇ ಉಳಿದರು. 1965ರಲ್ಲಿ ಸ್ಕಾದ ದೊಡ್ಡ ಮೇಳ ಸ್ಕಾಟಲೈಟ್ಸ್ ಒಡೆಯಿತು. ಚಿಕ್ಕ ತಂಡಗಳ ಕಾಲ ಬಂತು. ಟೇಟ್ ಕಟ್ಟಿದ ಜೆಟ್ಸ್ ಅವುಗಳಲ್ಲಿ ಮುಖ್ಯವಾದದ್ದು.

ಗಾಯಕ ಹೋಪ್‌ಟನ್ ಲೂಯಿಸ್ 1966ರಲ್ಲಿ ‘ಟೇಕ್ ಇಟ್ ಈಸಿ’ ಹಾಡಿದಾಗ ಸ್ಕಾ ವೇಗಕ್ಕೆ ಮಾತುಗಳು ಕೂಡದೆ ಲಯ ಇಳಿಸಬೇಕಾಯಿತು ಎಂಬ ವೃತ್ತಾಂತ ಪ್ರಸಿದ್ಧ. ಅದು ಒಂದು ಹಾಡಿನ ಮಾತಾಯಿತು. ಸೆಕೆ ಇಳಿದ ಮೇಲೂ ಲಯ ಏಕೆ ಏರಲಿಲ್ಲ?

ಉತ್ತರದ ಸುಳಿವು ಸಂಕಲನದ ವಾದ್ಯಸಂಗೀತದಲ್ಲಿದೆ. ಕಂಠವಿಲ್ಲದ ಕಡೆ ಗಿಟಾರಿನ ಕೆಲಸ ಬಿಚ್ಚಿಕೊಳ್ಳುತ್ತದೆ. ಅಂಗೈಯಂಚಿನಿಂದ ತಂತಿ ಅದುಮಿ ಮೀಟಿದ ಮಂದ್ರ ಸ್ವರಗಳು ಬೇಸ್‌ನ ಜೊತೆಜೊತೆಗೇ ಸಾಗುತ್ತವೆ. ಸ್ಕಾದಲ್ಲಿ ಬೇಸ್ ನಾಲ್ಕೂ ಪೆಟ್ಟಿಗೆ ಬಿಡುವಿಲ್ಲದೆ ನಡೆಯುತ್ತಿತ್ತು. ಇಲ್ಲಿ ಅದು ಪುಟ್ಟ ಸ್ವರಗುಚ್ಛ ನುಡಿಸಿ ನಿಲ್ಲುತ್ತದೆ, ಮತ್ತೆ ನುಡಿಸುತ್ತದೆ. ಎರಡು ವಾದ್ಯಗಳ ಈ ಜೋಡಿನಡೆ ಸ್ಪಷ್ಟವಾಗಿ ಕೇಳಿಸಬೇಕಾದರೆ ನಡುವೆ ತೆರಪು ಬೇಕು. ವೇಗ ಹೆಚ್ಚಿದರೆ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾದರೆ ನಿಧಾನಗತಿಯನ್ನು ಬೇಡಿದ್ದು ಹವೆಗಿಂತ ಹೆಚ್ಚಾಗಿ ವಾದ್ಯ ಜೋಡಣೆಯೇ ಇರಬೇಕು.

ಇನ್ನೊಂದು ಹೆಜ್ಜೆ ಮುಂದಿಡಬಹುದು, ಎಚ್ಚರದಿಂದ. ಟೇಟ್ ಗಿಟಾರಿಗೆ ಮುನ್ನ ಸ್ಟೀಲ್‌ಪ್ಯಾನ್ (ಉಕ್ಕಿನ ಡ್ರಮ್) ಮೇಳಗಳಲ್ಲಿ ಪಳಗಿದವರು. ಬೇಸ್ ಪ್ಯಾನಿನ ಒಂದೊಂದು ಡ್ರಮ್ಮಿಗೂ ಕೆಲವೇ ಸ್ವರ. ಚಿಕ್ಕ ಗುಚ್ಛಗಳು ಒಂದಕ್ಕೊಂದು ಹೆಣೆದುಕೊಂಡೇ ಮೇಳದ ನಾದ ಹುಟ್ಟುತ್ತದೆ. ಆ ಹೆಣಿಗೆಯ ಅಭ್ಯಾಸ ಅವರ ಬೆರಳಿಗೆ ಇಳಿದಿರುವ ಸಾಧ್ಯತೆ ಬಲವಾಗಿದೆ. ಪ್ಯಾನಿನ ನಾದವನ್ನೇ ಅವರು ಅನುಕರಿಸಿದರು ಎಂದಾಗಲಿ, ಅದೊಂದೇ ಕಾರಣವೆಂದಾಗಲಿ ಇಲ್ಲಿನ ವಾದವಲ್ಲ. ಅಮೆರಿಕದ ಸೋಲ್ ಹಾಡುಗಳ ಪ್ರಭಾವವನ್ನು ತಳ್ಳಿಹಾಕುವಂತಿಲ್ಲ. ಬೇಸಿಗೆಯೂ ಒಂದಿಷ್ಟು ನೆರವಾಗಿರಬಹುದು. 1968ರಲ್ಲಿ ಟೇಟ್ ಕೆನಡಾಕ್ಕೆ ತೆರಳಿದ ಹೊತ್ತಿಗೇ ರೆಗ್ಗೆಯ ಚುರುಕು ಲಯ ತಲೆಯೆತ್ತಿತು. ಇದು ವಾದಕ್ಕೆ ಅನುಕೂಲವಾದರೂ ಕಾಕತಾಳೀಯವಿರಬಹುದು.

ಇತ್ಯರ್ಥವಾಗಬೇಕಾದ ಪ್ರಶ್ನೆ ಜೆಟ್ಸ್‌ನ ಇನ್ನೊಬ್ಬ ಗಿಟಾರ್ ವಾದಕ ಹಕ್ಸ್ ಬ್ರೌನ್ ಅವರದು. ಬೇಸ್‌ಗೆ ಜೋಡಿಯಾದ ಗಿಟಾರಿನ ನಡೆಯಲ್ಲಿ ಅವರ ಪಾಲೆಷ್ಟು, ಟೇಟ್ ಅವರ ಪಾಲೆಷ್ಟು ಎಂಬುದನ್ನು ಒಟ್ಟಿಗೆ ಬೆರೆತ ಆ ಮುದ್ರಣಗಳಿಂದ ಬೇರ್ಪಡಿಸುವುದು ಕಷ್ಟ.