ರೊಟ್ಟಿಯೂ ಕೊಟ್ಟ ಕೈಯೂ

ತರಗತಿಯಲ್ಲಿ ಅನ್ಯದೇಶ್ಯ ಶಬ್ದಗಳ ಪಾಠ ಬಂದಾಗ ಮೇಜು, ಸಾಬೂನು, ಪಾದ್ರಿಗಳ ಸಾಲಿನಲ್ಲಿ ‘ಪಾವ್’ ಎಂಬುದನ್ನೂ ನಾನು ಸೇರಿಸುವುದುಂಟು. ಪೋರ್ಚುಗೀಸರು ರೊಟ್ಟಿಗೆ ಇಟ್ಟ ಹೆಸರಿನಿಂದ ಬಂದ ಮಾತಿದು. ಅದೇ ಮಾತು ಜಪಾನಿನಲ್ಲಿ ‘ಪಾನ್’ ಎಂದಾಗಿ ಇಂದಿಗೂ ಬಳಕೆಯಲ್ಲಿದೆಯೆಂದರೆ ವಿದ್ಯಾರ್ಥಿಗಳು ಬೆರಗಾಗುತ್ತಾರೆ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ೧೫೪೩ರಲ್ಲಿ ಜಪಾನನ್ನು ಮುಟ್ಟಿದರು. ೧೫೪೯ರಲ್ಲಿ ಫ್ರಾನ್ಸಿಸ್ ಝೇವಿಯರ್ ಪಾದ್ರಿ ಅತ್ತ ಹೊರಟದ್ದು ಗೋವೆಯಿಂದಲೇ. ೧೬೩೯ರಲ್ಲಿ ಜಪಾನು ಪೋರ್ಚುಗೀಸರನ್ನು ಹೊರಗಟ್ಟಿತು; ಶಬ್ದ ಮಾತ್ರ ಉಳಿಯಿತು.

ಅನ್ನವೇ ಊಟವಾದ ಆ ನಾಡಿಗೆ ರೊಟ್ಟಿ ರುಚಿಸಿದುದು ಹೇಗೆ? ಹಿಂದೆ ಸಮುರಾಯಿಯಾಗಿದ್ದ ಕಿಮುರಾ ಯಾಸುಬೆ ೧೮೬೯ರಲ್ಲಿ ಟೋಕಿಯೊದಲ್ಲಿ ಬೇಕರಿ ತೆರೆದನು. ೧೮೭೪ರಲ್ಲಿ ಆ ಅಂಗಡಿಯವರು ಅಕ್ಕಿಯ ಹುದುಗಿನಿಂದ ಹಿಟ್ಟನ್ನು ಉಬ್ಬಿಸಿ, ಒಳಗೆ ಕೆಂಪು ಕಾಳಿನ ಸಿಹಿ ಹೂರಣವಿಟ್ಟು ‘ಆನ್‌ಪಾನ್’ ಮಾಡಿದರು. ಮರುವರ್ಷ ಅದು ಮೇಜಿ ಚಕ್ರವರ್ತಿಯ ಸನ್ನಿಧಿಗೂ ಹೋಯಿತು.

ನಮ್ಮ ಕರಾವಳಿಯ ಕತೆ ಬೇರೆ. ಗೋವೆಯಲ್ಲಿ ಹಿಟ್ಟನ್ನು ಹುದುಗಿಸುತ್ತಿದ್ದುದು ಕಳ್ಳಿನಿಂದ. ಪಾವ್ ಎಸೆದ ಬಾವಿಯ ನೀರು ಕುಡಿದವರು ಕುಲದಿಂದ ಹೊರಬಿದ್ದರೆಂಬ ಹೇಳಿಕೆಗಳು ಆ ಕಡೆ ಇವೆ. ಇಂಥ ಅಂಜಿಕೆಯ ಪದಾರ್ಥವನ್ನು ಹಾಸನ ಸೀಮೆಯ ಅಯ್ಯಂಗಾರ್ಯರು ಜೀವನೋಪಾಯವಾಗಿ ಕೈಗೆತ್ತಿಕೊಂಡರಷ್ಟೆ! ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್. ಎಸ್. ತಿರುಮಲಾಚಾರ್ ಬೇಕರಿ ತೆರೆದುದು ೧೮೯೮ರಲ್ಲಿ ಎನ್ನುತ್ತಾರೆ. ಮುಂದೆ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯನ್ನು ಬಿಟ್ಟವು. ಬನ್ನಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು ಸೇರಿದವು. ‘ದಿಲ್‌ಪಸಂದ್’ನ ಹೊಟ್ಟೆಗೆ ಸಿಹಿ ಕಾಯಿತುರಿ ಬಂದಿತು. ಜಪಾನೀಯರಂತೆ ನಾವೂ ಪರದೇಶದ ಕಣಕಕ್ಕೆ ನಮ್ಮ ಹೂರಣ ತುಂಬಿದೆವು.

ನಮ್ಮ ತಿರುಮಕೂಡಲು ನರಸೀಪುರ ಕಾವೇರಿ ಕಪಿಲೆಯರು ಕೂಡುವ ಕ್ಷೇತ್ರ. ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ಗುಂಜಾ ನರಸಿಂಹನೇ ಸಾರುತ್ತಾನೆಂಬ ನಂಬಿಕೆಯ ಊರು. ಇಲ್ಲಿಯೂ ಸಂಜೆಯಾದರೆ ಬಿಸಿ ಬ್ರೆಡ್ಡಿಗಾಗಿ ಬೇಕರಿಯ ಮುಂದೆ ಜನ ನಿಲ್ಲುತ್ತಾರೆ; ನಾನೂ ಅವರಲ್ಲೊಬ್ಬ. ನಮ್ಮ ಅಜ್ಜಿ ಮಾತ್ರ ಬ್ರೆಡ್ಡನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ನಡುಮನೆಯಲ್ಲಿಯೇ ಕೊಡುತ್ತಿದ್ದರು. ಒಂದು ದಿನ ಅಯ್ಯಂಗಾರ್ ಬೇಕರಿಯ ಪೊಟ್ಟಣ ಕಂಡು, “ಮೊಟ್ಟೆ ಹಾಕಿಲ್ಲ ತಾನೇನಪ್ಪ?” ಎಂದು ಕೇಳಿ, ಖಾರಾ ಬನ್ನಿನ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು.

ಹಿಟ್ಟು ಅದೇ ಗೋಧಿಯದು, ಒಲೆಯೂ ಅಂಥದೇ. ಮೊಟ್ಟೆಯ ಮಾತು ನಿಜವೇ. ಆದರೆ ಗೋವೆಯ ಪಾವಿನಲ್ಲಿಯೂ ಮೊಟ್ಟೆಯಿರಲಿಲ್ಲ. ಹಾಗಿದ್ದ ಮೇಲೆ, ಅಂದು ಬಾವಿಯ ನೀರಿಗಾಗಿ ನೆಂಟರಿಷ್ಟರನ್ನು ಕಳೆದುಕೊಂಡವರನ್ನು ನೆನೆದಾಗ ಒಂದು ಪ್ರಶ್ನೆ ಉಳಿಯುತ್ತದೆ: ನಮ್ಮ ಹಿರಿಯರು ಅಂಜಿದ್ದು ರೊಟ್ಟಿಗೋ, ಅದನ್ನು ಕೊಟ್ಟ ಕೈಗೋ?